ಸ್ವರಲಿಪಿಯ ಸಾವಿರ ವರ್ಷ: ಗ್ವೀಡೊನ ಗೆರೆಗಳಿಂದ ಅಂತರಜಾಲದ ಗ್ರಂಥಾಲಯದವರೆಗೆ

ಶಬ್ದಕ್ಕೆ ಆಯುಸ್ಸು ಬಹಳ ಕಡಿಮೆ. ತಂತಿ ಮೀಟಿದ ಕೆಲವೇ ಕ್ಷಣಗಳಲ್ಲಿ ಅದರ ಶಕ್ತಿ ಗಾಳಿಯಲ್ಲಿ ಹರಡಿ, ಗೋಡೆಗಳಲ್ಲಿ ಇಂಗಿ, ಉಷ್ಣವಾಗಿ ಮುಗಿದುಹೋಗುತ್ತದೆ. 1877ರಲ್ಲಿ ಎಡಿಸನ್ ಫೋನೋಗ್ರಾಫ್ ಯಂತ್ರವನ್ನು ರೂಪಿಸುವವರೆಗೆ ಹಾಡಿದ್ದನ್ನು ಉಳಿಸಿಕೊಳ್ಳಲು ಮನುಷ್ಯನಿಗೆ ಇದ್ದದ್ದು ಎರಡೇ ದಾರಿ. ಒಂದು, ಗುರುವಿನ ಕಂಠದಿಂದ ಶಿಷ್ಯನ ಕಿವಿಗೆ ದಾಟಿಸುವುದು. ಇನ್ನೊಂದು, ಚಿಹ್ನೆಗಳ ಮೂಲಕ ಬರೆದಿಡುವುದು.

ಈ ಎರಡು ದಾರಿಗಳ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದಕ್ಕೆ ನಮ್ಮಲ್ಲಿಯೇ ಉದಾಹರಣೆ ಇದೆ. ಪುರಂದರದಾಸರ (1484-1564) ಕೀರ್ತನೆಗಳ ಸಾಹಿತ್ಯ ಓಲೆಗರಿ, ಕಡತಗಳಲ್ಲಿ ಉಳಿದು ಬಂದಿದೆ. ಆದರೆ ದಾಸರು ಅವನ್ನು ಯಾವ ಧಾಟಿಯಲ್ಲಿ ಹಾಡಿದರೆಂಬುದು ಬಹುಪಾಲು ಕಳೆದುಹೋಗಿದೆ. ಇಂದು ನಾವು ಕೇಳುವ ದೇವರನಾಮಗಳ ಮಟ್ಟುಗಳಲ್ಲಿ ಹೆಚ್ಚಿನವು ನಂತರದವರು ಅಳವಡಿಸಿದವು. ದಾಸರು ಇನ್ನೂ ತರುಣರಾಗಿದ್ದ 1501ರಲ್ಲಿ ವೆನಿಸ್ ನಗರದಲ್ಲಿ ಒಟ್ಟಾವಿಯಾನೊ ಪೆಟ್ರೂಚಿ ಎಂಬ ಮುದ್ರಕ 96 ಹಾಡುಗಳ ಒಂದು ಪುಸ್ತಕವನ್ನು ಸ್ವರಲಿಪಿಯೊಡನೆ ಅಚ್ಚು ಹಾಕಿದ. ಆ 96 ಹಾಡುಗಳನ್ನು ಇಂದೂ ಓದಿ ಹಾಡಬಹುದು. ಅಷ್ಟೇ ಅಲ್ಲ, ಆ ಮುದ್ರಕನ ಹೆಸರನ್ನೇ ಹೊತ್ತ ಒಂದು ಗ್ರಂಥಾಲಯ ಅಂತರಜಾಲದಲ್ಲಿದೆ. ಗಣಕ ಇರುವ ಯಾರೂ ಅಲ್ಲಿಂದ ಹಣ ಕೊಡದೆ ಸಂಗೀತದ ಪುಟಗಳನ್ನು ಇಳಿಸಿಕೊಳ್ಳಬಹುದು.

ಹಾಗಾದರೆ ಬರೆದಿಟ್ಟರೆ ಸಂಗೀತ ಉಳಿಯಿತು ಎಂದು ಹೇಳಿಬಿಡಬಹುದೇ? ಪುಟದಲ್ಲಿ ಉಳಿಯುವುದು ಏನು, ಉಳಿಯದೇ ಹೋಗುವುದು ಏನು? ಪುಟ ಎಲ್ಲರ ಕೈಗೂ ಬಂದ ಮೇಲೆ ಗುರುವಿಗೆ ಏನು ಕೆಲಸ? ಇದಕ್ಕೆ ಉತ್ತರ ಹುಡುಕಲು ಸಾವಿರ ವರ್ಷ ಹಿಂದಕ್ಕೆ ಹೋಗಬೇಕು.

ಹತ್ತು ವರ್ಷದ ಪಾಠ ಎರಡೇ ವರ್ಷಕ್ಕೆ

ಸುಮಾರು ಕ್ರಿ.ಶ. 1000ದ ಹೊತ್ತಿಗೆ ಯೂರೋಪಿನ ಕ್ರೈಸ್ತ ಮಠಗಳಲ್ಲಿ ಪ್ರಾರ್ಥನಾಗೀತೆಗಳನ್ನು ಕಲಿಯುವ ಕ್ರಮ ನಮ್ಮ ವೇದಪಾಠದಂತೆಯೇ ಇತ್ತು. ಗುರು ಹಾಡುವುದು, ಹುಡುಗರು ಹಾಗೆಯೇ ಒಪ್ಪಿಸುವುದು. ಸಾಹಿತ್ಯದ ಮೇಲೆ ಕೆಲವು ಸಣ್ಣ ಗುರುತುಗಳನ್ನು ಹಾಕುವ ರೂಢಿ ಇತ್ತಾದರೂ ಅವು ದನಿ ಏರಬೇಕೆ ಇಳಿಯಬೇಕೆ ಎಂಬುದನ್ನಷ್ಟೇ ಸೂಚಿಸುತ್ತಿದ್ದವು. ಎಷ್ಟು ಏರಬೇಕು ಎಂಬುದು ಮೊದಲೇ ಹಾಡು ಗೊತ್ತಿದ್ದವನಿಗೆ ಮಾತ್ರ ತಿಳಿಯುತ್ತಿತ್ತು.

ಇಟಲಿಯ ಪೊಂಪೋಸಾ ಮಠದಲ್ಲಿ ಹುಡುಗರಿಗೆ ಪಾಠ ಹೇಳುತ್ತಿದ್ದ ಗ್ವೀಡೊ ಎಂಬ ಸನ್ಯಾಸಿ ಇದಕ್ಕೆ ಪರಿಹಾರ ಕಂಡುಕೊಂಡ. ಅಡ್ಡ ಗೆರೆಗಳನ್ನು ಎಳೆದು, ಗೆರೆಗಳ ಮೇಲೂ ನಡುವಿನ ಜಾಗದಲ್ಲೂ ಗುರುತುಗಳನ್ನು ಇಡುವ ಕ್ರಮವನ್ನು ಆತ ರೂಪಿಸಿದ. ಯಾವ ಗೆರೆ ಯಾವ ಸ್ವರದ್ದೆಂದು ತಕ್ಷಣ ತಿಳಿಯಲು ಒಂದು ಗೆರೆಗೆ ಕೆಂಪು, ಇನ್ನೊಂದಕ್ಕೆ ಹಳದಿ ಬಣ್ಣ ಕೊಟ್ಟ. ಒಂದು ಲ್ಯಾಟಿನ್ ಸ್ತೋತ್ರದ ಸಾಲುಗಳ ಮೊದಲ ಅಕ್ಷರಗಳಿಂದ ಉತ್, ರೆ, ಮಿ, ಫಾ, ಸೊಲ್, ಲಾ ಎಂಬ ಸ್ವರನಾಮಗಳನ್ನು ಆರಿಸಿಕೊಂಡ. ಭೌತಶಾಸ್ತ್ರದ ವಿದ್ಯಾರ್ಥಿಗಳು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ನೇರ ಅಕ್ಷದಲ್ಲಿ ಶ್ರುತಿ, ಅಡ್ಡ ಅಕ್ಷದಲ್ಲಿ ಕಾಲ ಇರುವ ಈ ಚಿತ್ರ ಒಂದು ನಕ್ಷೆಯೇ. ಡೇಕಾರ್ಟ್‌ನ ನಿರ್ದೇಶಾಂಕ ಜ್ಯಾಮಿತಿ (1637) ಬರುವುದಕ್ಕೆ ಆರು ಶತಮಾನ ಮೊದಲೇ ಹಾಡುಗಾರರು ನಕ್ಷೆ ಓದುತ್ತಿದ್ದರು!

ಹತ್ತು ವರ್ಷ ಕಲಿತರೂ ಅರೆಬರೆಯಾಗುತ್ತಿದ್ದ ವಿದ್ಯೆಯನ್ನು ತನ್ನ ಕ್ರಮದಲ್ಲಿ ಒಂದು, ಹೆಚ್ಚೆಂದರೆ ಎರಡು ವರ್ಷದಲ್ಲಿ ಕಲಿಸಬಹುದೆಂದು ಗ್ವೀಡೊ ಬರೆದಿದ್ದಾನೆ. ಮಠದ ಇತರರಿಗೆ ಇದು ಹಿಡಿಸಲಿಲ್ಲ. ಆತ ಪೊಂಪೋಸಾ ಬಿಟ್ಟು ಅರೆಟ್ಸೊ ಊರಿಗೆ ಹೋಗಬೇಕಾಯಿತು. ಅಲ್ಲಿಯೇ ಸುಮಾರು 1026ರಲ್ಲಿ ‘ಮೈಕ್ರೊಲೋಗಸ್’ ಎಂಬ ಗ್ರಂಥ ರಚನೆಯಾಯಿತು. ಮುಂದೆ ಪೋಪ್ 19ನೇ ಜಾನ್ ಅವನನ್ನು ರೋಮಿಗೆ ಕರೆಸಿಕೊಂಡು, ತಾನು ಹಿಂದೆಂದೂ ಕೇಳಿರದ ಒಂದು ಸಾಲನ್ನು ಪುಟ ನೋಡಿಯೇ ಹಾಡಲು ಕಲಿತನಂತೆ. ಸ್ವರಲಿಪಿ ಹುಟ್ಟಿದ್ದು ಪಾಠದ ಕೋಣೆಯಲ್ಲಿ, ಉಪಾಧ್ಯಾಯನೊಬ್ಬನ ಉಪಕರಣವಾಗಿ ಎಂಬುದು ನೆನಪಿಡಬೇಕಾದ ಸಂಗತಿ.

ಅಚ್ಚುಕೂಟ ಮತ್ತು ಹಕ್ಕು

ಅಕ್ಷರಗಳನ್ನು ಅಚ್ಚು ಮಾಡುವುದಕ್ಕಿಂತ ಸ್ವರಲಿಪಿಯನ್ನು ಅಚ್ಚು ಮಾಡುವುದು ಕಷ್ಟ. ಗೆರೆಗಳು ಮತ್ತು ಗುರುತುಗಳು ಒಂದರ ಮೇಲೊಂದು ಬರಬೇಕು. ಪೆಟ್ರೂಚಿ ಒಂದೇ ಹಾಳೆಯನ್ನು ಮೂರು ಬಾರಿ ಒತ್ತುತ್ತಿದ್ದ: ಒಮ್ಮೆ ಗೆರೆಗಳಿಗೆ, ಒಮ್ಮೆ ಸ್ವರಗಳಿಗೆ, ಒಮ್ಮೆ ಸಾಹಿತ್ಯಕ್ಕೆ. ಹಾಳೆ ಕೂದಲೆಳೆಯಷ್ಟು ಜರುಗಿದರೂ ಸ್ವರ ಬೇರೆಯಾಗುತ್ತದೆ! ಸುಮಾರು 1528ರಲ್ಲಿ ಪ್ಯಾರಿಸಿನ ಅತೆನ್ಯಾಂ ಎಂಬ ಮುದ್ರಕ ಪ್ರತಿ ಅಚ್ಚುಮೊಳೆಯಲ್ಲೂ ಸ್ವರದ ಜೊತೆಗೆ ಗೆರೆಯ ತುಂಡನ್ನೂ ಸೇರಿಸಿ, ಒಂದೇ ಒತ್ತಿಗೆ ಪುಟ ಮುಗಿಸುವ ಕ್ರಮವನ್ನು ಬಳಕೆಗೆ ತಂದ. ಬೆಲೆ ಇಳಿಯಿತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಸೆನೆಫೆಲ್ಡರ್ ಕಂಡುಹಿಡಿದ ಕಲ್ಲಚ್ಚು ಇನ್ನಷ್ಟು ಅನುಕೂಲ ಮಾಡಿಕೊಟ್ಟಿತು.

ಮುದ್ರಣದ ಜೊತೆಯಲ್ಲೇ ಹಕ್ಕಿನ ಪ್ರಶ್ನೆಯೂ ಬಂತು. ಪೆಟ್ರೂಚಿ ಮೊದಲ ಪುಸ್ತಕ ಹೊರತರುವ ಮುನ್ನ, 1498ರಲ್ಲೇ, ವೆನಿಸ್ ಸರ್ಕಾರದಿಂದ 20 ವರ್ಷಗಳ ಏಕಸ್ವಾಮ್ಯ ಪಡೆದುಕೊಂಡಿದ್ದ. ಇಂಗ್ಲೆಂಡಿನಲ್ಲಿ ರಾಣಿ ಎಲಿಜಬೆತ್ 1575ರಲ್ಲಿ ಟ್ಯಾಲಿಸ್ ಮತ್ತು ಬರ್ಡ್ ಎಂಬ ಸಂಗೀತಗಾರರಿಗೆ 21 ವರ್ಷಗಳ ಮುದ್ರಣಾಧಿಕಾರ ಕೊಟ್ಟಳು. ಇವು ಮುದ್ರಿಸುವವರಿಗೆ ದೊರೆತ ಹಕ್ಕುಗಳು. ರಚಿಸಿದವನಿಗೆ ಆ ಕಾರಣಕ್ಕಾಗಿಯೇ ಹಕ್ಕುಂಟೆಂದು ಇಂಗ್ಲೆಂಡಿನ ನ್ಯಾಯಾಲಯ ಹೇಳಿದ್ದು 1777ರಲ್ಲಿ. ಪ್ರಸಿದ್ಧ ಬಾಖ್‌ನ ಮಗ ಯೊಹಾನ್ ಕ್ರಿಶ್ಚಿಯನ್ ಬಾಖ್ ಹೂಡಿದ ದಾವೆಯಲ್ಲಿ, ಸಂಗೀತವೂ ಬರಹವೇ, ಆದ್ದರಿಂದ 1710ರ ಕೃತಿಸ್ವಾಮ್ಯ ಕಾನೂನು ಅದಕ್ಕೂ ಅನ್ವಯಿಸುತ್ತದೆ ಎಂದು ತೀರ್ಪು ಬಂತು.

ಕೃತಿಸ್ವಾಮ್ಯಕ್ಕೆ ಕಾಲಮಿತಿ ಇದೆ. ಅವಧಿ ಮುಗಿದ ಕೃತಿ ಊರ ಬಾವಿಯ ನೀರಿನಂತೆ ಎಲ್ಲರದು. ಆದರೆ ಈ ಅವಧಿ ದೇಶದಿಂದ ದೇಶಕ್ಕೆ ಬೇರೆ. ಇದನ್ನು ತಿಳಿಯಲು ಮೈಸೂರಿಗೆ ಸಂಬಂಧಿಸಿದ ಒಂದು ಉದಾಹರಣೆ ನೋಡೋಣ. ರಷ್ಯಾದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ತನ್ನ ಕೊನೆಯ ವರ್ಷಗಳನ್ನು ಲಂಡನ್ನಿನಲ್ಲಿ ಕಷ್ಟದಲ್ಲಿ ಕಳೆಯುತ್ತಿದ್ದಾಗ, ಪಾಶ್ಚಾತ್ಯ ಸಂಗೀತವನ್ನು ಆಳವಾಗಿ ಬಲ್ಲ ಜಯಚಾಮರಾಜೇಂದ್ರ ಒಡೆಯರು ಅವನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದರು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕನ್ಸರ್ಟೋವನ್ನು ಒಡೆಯರಿಗೆ ಅರ್ಪಿಸಿದ. ಆತ ತೀರಿಕೊಂಡದ್ದು 1951ರಲ್ಲಿ. ಮರಣಾನಂತರ 50 ವರ್ಷ ಎಂಬ ನಿಯಮವಿದ್ದ ಕೆನಡಾದಲ್ಲಿ ಅವನ ಕೃತಿಗಳು 2002ರ ಜನವರಿ 1ರಂದು ಮುಕ್ತವಾದವು. 60 ವರ್ಷದ ನಿಯಮವಿರುವ ಭಾರತದಲ್ಲಿ 2012ರಲ್ಲಿ, 70 ವರ್ಷದ ನಿಯಮವಿರುವ ಯೂರೋಪಿನಲ್ಲಿ 2022ರಲ್ಲಿ. ಒಂದೇ ಪುಟ, ಮೂರು ಲೆಕ್ಕ! ಅಂತರಜಾಲಕ್ಕೆ ಗಡಿಗಳಿಲ್ಲ, ಕಾನೂನಿಗೆ ಇವೆ. ಮುಂದಿನ ಜಗಳದ ಮೂಲ ಇದೇ.

ಮುಕ್ತ ಗ್ರಂಥಾಲಯಗಳು

ಅಂತರಜಾಲ ಜನಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ ಸಂಗೀತದ ಪುಟಗಳನ್ನು ಹಂಚುವ ಪ್ರಯತ್ನಗಳು ಆರಂಭವಾದವು. 1998ರ ಡಿಸೆಂಬರಿನಲ್ಲಿ ವೃಂದಗಾನದ ಕೃತಿಗಳಿಗೆ ಮೀಸಲಾದ ಒಂದು ಗ್ರಂಥಾಲಯ ಶುರುವಾಯಿತು. 2000ದಲ್ಲಿ ಮ್ಯುಟೋಪಿಯ ಎಂಬ ಯೋಜನೆ ಬಂತು. ಇದರಲ್ಲಿ ಸ್ವಯಂಸೇವಕರು ಹಳೆಯ ಮುದ್ರಣಗಳನ್ನು ನೋಡಿ ಲಿಲಿಪಾಂಡ್ ಎಂಬ ಮುಕ್ತ ತಂತ್ರಾಂಶದಲ್ಲಿ ಸ್ವರಗಳನ್ನು ಹೊಸದಾಗಿ ಬೆರಳಚ್ಚು ಮಾಡುತ್ತಾರೆ.

2006ರ ಫೆಬ್ರವರಿ 16ರಂದು ಆರಂಭವಾದ ಅಂತರರಾಷ್ಟ್ರೀಯ ಸಂಗೀತ ಸ್ವರಲಿಪಿ ಗ್ರಂಥಾಲಯ ಯೋಜನೆ (ಐಎಂಎಸ್‌ಎಲ್‌ಪಿ) ಇವೆಲ್ಲಕ್ಕಿಂತ ದೊಡ್ಡದಾಗಿ ಬೆಳೆಯಿತು. ಇದಕ್ಕೆ ಪೆಟ್ರೂಚಿ ಸಂಗೀತ ಗ್ರಂಥಾಲಯ ಎಂಬ ಹೆಸರೂ ಇದೆ. ಆರಂಭಿಸಿದವರು ಎಡ್ವರ್ಡ್ ಗುವೊ ಎಂಬ ಸಂಗೀತದ ವಿದ್ಯಾರ್ಥಿ. ಹಕ್ಕಿನ ಅವಧಿ ಮುಗಿದ ಹಳೆಯ ಪುಸ್ತಕಗಳನ್ನು ಯಾರಾದರೂ ಸ್ಕ್ಯಾನ್ ಮಾಡಿ ಸೇರಿಸಬಹುದು, ಯಾರಾದರೂ ಇಳಿಸಿಕೊಳ್ಳಬಹುದು. ಬಾಖ್ ತೀರಿಕೊಂಡ ನೂರನೆಯ ವರ್ಷವಾದ 1850ರಲ್ಲಿ ಸ್ಥಾಪನೆಯಾದ ಬಾಖ್ ಸಂಘ ಅರ್ಧ ಶತಮಾನ ದುಡಿದು ಹೊರತಂದ 46 ಸಂಪುಟಗಳು ಕೂಡ ಇಲ್ಲಿವೆ. ಹಿಂದೆ ಅವುಗಳನ್ನು ಕಾಣಬೇಕಾದರೆ ದೊಡ್ಡ ವಿಶ್ವವಿದ್ಯಾನಿಲಯವೊಂದರ ಗ್ರಂಥಭಂಡಾರಕ್ಕೆ ಹೋಗಬೇಕಾಗಿತ್ತು.

2007ರ ಅಕ್ಟೋಬರಿನಲ್ಲಿ ವಿಯೆನ್ನಾದ ಯೂನಿವರ್ಸಲ್ ಎಡಿಷನ್ ಪ್ರಕಾಶನ ಸಂಸ್ಥೆಯ ವಕೀಲರಿಂದ ನೋಟೀಸು ಬಂತು. ಕೆನಡಾದಲ್ಲಿ ಮುಕ್ತವಾಗಿದ್ದ ಕೆಲವು ಕೃತಿಗಳಿಗೆ ಯೂರೋಪಿನಲ್ಲಿ ಹಕ್ಕು ಉಳಿದಿದೆ, ಯೂರೋಪಿನವರು ಅವನ್ನು ಇಳಿಸಿಕೊಳ್ಳದಂತೆ ತಡೆಯಬೇಕು ಎಂಬುದು ಅದರ ವಾದ. ಕೃತಿಗಳನ್ನು ಪ್ರಕಟಿಸಲು ಹಣ ಹಾಕಿದವರ ದೃಷ್ಟಿಯಿಂದ ಇದು ನಿರಾಧಾರವೇನಲ್ಲ. ಆದರೆ ವಕೀಲರನ್ನಿಟ್ಟು ವ್ಯವಹರಿಸುವ ಶಕ್ತಿ ಒಬ್ಬ ವಿದ್ಯಾರ್ಥಿಗೆ ಎಲ್ಲಿಂದ ಬರಬೇಕು? ಅಕ್ಟೋಬರ್ 19ರಂದು ಇಡೀ ಗ್ರಂಥಾಲಯ ಮುಚ್ಚಿತು. ಕೆಲವೇ ಕೃತಿಗಳ ಬಗೆಗಿನ ತಕರಾರಿನಿಂದಾಗಿ, ಯಾರ ಹಕ್ಕೂ ಇಲ್ಲದ ಸಾವಿರಾರು ಕೃತಿಗಳೂ ಕೈತಪ್ಪಿದವು. ಪ್ರತಿಯೊಂದು ಕೃತಿ ಯಾವ ದೇಶದಲ್ಲಿ ಮುಕ್ತ, ಯಾವ ದೇಶದಲ್ಲಿ ಅಲ್ಲ ಎಂದು ಪರಿಶೀಲಿಸಿ ನಮೂದಿಸುವ ವ್ಯವಸ್ಥೆಯೊಡನೆ 2008ರ ಜೂನ್ 30ರಂದು ಅದು ಮತ್ತೆ ತೆರೆಯಿತು. ಇಂದು ಅಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕೃತಿಗಳಿವೆ. ಇಷ್ಟು ದೊಡ್ಡದನ್ನು ನಡೆಸಲು ಖರ್ಚೂ ಇದೆ. 2016ರಿಂದ ಚಂದಾ ವ್ಯವಸ್ಥೆ ಇದ್ದು, ಚಂದಾ ಕೊಡದವರು ಪುಟ ಇಳಿಸುವ ಮುನ್ನ ಸ್ವಲ್ಪ ಹೊತ್ತು ಕಾಯಬೇಕಾಗುತ್ತದೆ. ಕೆನಡಾ ಕೂಡ 2022ರ ಕೊನೆಯಲ್ಲಿ ತನ್ನ ಅವಧಿಯನ್ನು 70 ವರ್ಷಕ್ಕೆ ಏರಿಸಿತು.

ಒಂದು ಪುಟದ ಲೆಕ್ಕ

ಈಗ ಪುಟದೊಳಗೆ ಏನಿದೆ ಎಂದು ಲೆಕ್ಕ ಹಾಕೋಣ. ಬಾಖ್‌ನ ಕೀಬೋರ್ಡ್ ಕೃತಿಗಳ ಪ್ರಸಿದ್ಧ ಸಂಗ್ರಹದ (1722) ಮೊದಲ ರಚನೆ, ‘ಸಿ’ ಮೇಜರ್ ಪ್ರಿಲ್ಯೂಡನ್ನು ತೆಗೆದುಕೊಳ್ಳಿ. ನುಡಿಸಲು ಸುಮಾರು 2 ನಿಮಿಷ ಬೇಕು. ಸಿ.ಡಿ.ಯಲ್ಲಿ ಪ್ರತಿ ಸೆಕೆಂಡಿಗೆ 44,100 ಮಾದರಿಗಳು, ಪ್ರತಿಯೊಂದಕ್ಕೂ 16 ಬಿಟ್, ಎರಡು ವಾಹಿನಿಗಳು. ಅಂದರೆ ಸೆಕೆಂಡಿಗೆ 1,76,400 ಬೈಟ್; 2 ನಿಮಿಷಕ್ಕೆ ಸುಮಾರು 21 ಮೆಗಾಬೈಟ್.

ಅದೇ ಕೃತಿಯ ಎ4 ಅಳತೆಯ ಪುಟವನ್ನು ಇಂಚಿಗೆ 600 ಚುಕ್ಕೆಗಳಂತೆ ಕಪ್ಪು ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 3.5 ಕೋಟಿ ಚುಕ್ಕೆಗಳು. ಚುಕ್ಕೆಗೆ ಒಂದು ಬಿಟ್‌ನಂತೆ 4.4 ಮೆಗಾಬೈಟ್ ಆಯಿತು. ಪುಟದಲ್ಲಿ ಬಿಳಿ ಜಾಗವೇ ಹೆಚ್ಚು. ಆದ್ದರಿಂದ ಫ್ಯಾಕ್ಸ್ ಯಂತ್ರಗಳಿಗೆಂದು ರೂಪಿಸಿದ ಸಂಪೀಡನ ವಿಧಾನವನ್ನು ಬಳಸಿದರೆ ಇದು ನೂರು ಕಿಲೋಬೈಟಿನ ಆಸುಪಾಸಿಗೆ ಇಳಿಯುತ್ತದೆ. ನಿಧಾನವಾದ ದೂರವಾಣಿ ಸಂಪರ್ಕದ ಕಾಲದಲ್ಲೂ ಇಂಥ ಗ್ರಂಥಾಲಯ ಸಾಧ್ಯವಾದದ್ದು ಇದರಿಂದ.

ಇನ್ನೂ ಮುಂದೆ ಹೋಗಿ, 1983ರಲ್ಲಿ ಬಂದ ಮಿಡಿ ಸಂಕೇತದಲ್ಲಿ ಸ್ವರಗಳನ್ನಷ್ಟೇ ಬರೆದರೆ? ಈ ಕೃತಿಯಲ್ಲಿರುವುದು ಸುಮಾರು 550 ಸ್ವರಗಳು. ಪ್ರತಿಯೊಂದು ಸ್ವರದ ಆರಂಭಕ್ಕೂ ಅಂತ್ಯಕ್ಕೂ ಕಾಲಸೂಚನೆ ಸೇರಿ ಸುಮಾರು 8 ಬೈಟ್. ಒಟ್ಟು ನಾಲ್ಕೂವರೆ ಕಿಲೋಬೈಟಿಗಿಂತ ಕಡಿಮೆ! ಶಬ್ದರೂಪಕ್ಕೆ ಹೋಲಿಸಿದರೆ ಹತ್ತಿರ ಹತ್ತಿರ ಐದು ಸಾವಿರ ಪಟ್ಟು ಚಿಕ್ಕದು.

ಈ ಐದು ಸಾವಿರ ಪಟ್ಟಿನಲ್ಲಿ ಬಿಟ್ಟುಹೋದದ್ದು ಏನು? ತಂತಿಯ ನಾದಗುಣ, ಬೆರಳಿನ ಒತ್ತಡ, ಸ್ವರಗಳ ನಡುವಿನ ಉಸಿರು, ಲಯದ ಸೂಕ್ಷ್ಮ ಏರುಪೇರು. ಸ್ವರಲಿಪಿ ಒಂದು ಸಂಪೀಡಿತ ಸಂಕೇತ. ಸಂಕೇತವನ್ನು ಬಿಡಿಸಲು ಬೇಕಾದ ಕೀಲಿಕೈ ಪುಟದಲ್ಲಿರುವುದಿಲ್ಲ, ಗುರುವಿನ ಬಳಿ ಇರುತ್ತದೆ. ಪಾಶ್ಚಾತ್ಯ ಪದ್ಧತಿಯಲ್ಲೂ ಪುಟ ಮುಂದಿಟ್ಟುಕೊಂಡೇ ವರ್ಷಗಟ್ಟಲೆ ಗುರುವಿನ ಎದುರು ಕೂರುವುದು ಇದಕ್ಕಾಗಿಯೇ.

ಎಲ್ಲಿಂದಲೋ ಬಂದ ಒಂದು ಬಾರ್

ಮುಕ್ತ ಪುಟಗಳಲ್ಲಿ ಇನ್ನೊಂದು ತೊಡಕಿದೆ. ಬಾಖ್‌ನ ಇದೇ ಪ್ರಿಲ್ಯೂಡಿನಲ್ಲಿ ಇರುವುದು 35 ಬಾರ್‌ಗಳು (ನಮ್ಮ ತಾಳದ ಆವರ್ತದಂಥ ಘಟಕ). ಬಾಖ್ ತೀರಿಕೊಂಡ ಬಳಿಕ ಶ್ವೆಂಕೆ ಎಂಬ ಸಂಗೀತಗಾರ, ಎಲ್ಲೋ ಒಂದು ಬಿಟ್ಟುಹೋಗಿದೆಯೆಂದು ಭಾವಿಸಿ, 22 ಮತ್ತು 23ನೆಯ ಬಾರ್‌ಗಳ ನಡುವೆ ತನ್ನದೊಂದನ್ನು ಸೇರಿಸಿದ. ಹತ್ತೊಂಬತ್ತನೆಯ ಶತಮಾನದ ಹಲವು ಮುದ್ರಣಗಳಲ್ಲಿ ಅದು ಹಾಗೆಯೇ ಉಳಿಯಿತು. ಬೀಥೋವನ್‌ನ ಶಿಷ್ಯ, ಹೆಸರಾಂತ ಪಿಯಾನೊ ಉಪಾಧ್ಯಾಯ ಚೆರ್ನಿ ಸಂಪಾದಿಸಿದ ಆವೃತ್ತಿಯಲ್ಲೂ ಇದೆ. ಈ ಪ್ರಿಲ್ಯೂಡಿನ ಮೇಲೆ ಗೂನೊ ಕಟ್ಟಿದ ‘ಆವೆ ಮರಿಯ’ ಗೀತೆಗೂ ಅದು ಸೇರಿಕೊಂಡಿತು.

ಮುಕ್ತ ಗ್ರಂಥಾಲಯದಲ್ಲಿ ಸಿಗುವುದು ಬಹುಮಟ್ಟಿಗೆ ಹಕ್ಕು ಮುಗಿದ ಹಳೆಯ ಮುದ್ರಣಗಳು. ವಿದ್ವಾಂಸರು ಮೂಲಪ್ರತಿಗಳನ್ನು ಹೋಲಿಸಿ ಇತ್ತೀಚೆಗೆ ಪರಿಷ್ಕರಿಸಿದ ಆವೃತ್ತಿಗಳಿಗೆ ಹಣ ಕೊಡಬೇಕು. ಹೀಗಾಗಿ ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿ ನೂರೈವತ್ತು ವರ್ಷ ಹಳೆಯ ತಪ್ಪನ್ನೇ ಅಭ್ಯಾಸ ಮಾಡುವ ಸಂಭವ ಇದೆ. ಸಮಾಧಾನದ ಸಂಗತಿಯೆಂದರೆ, ಬರ್ಲಿನ್ನಿನ ಗ್ರಂಥಾಲಯದಲ್ಲಿರುವ ಬಾಖ್‌ನ ಸ್ವಹಸ್ತಪ್ರತಿಯ ಚಿತ್ರಗಳೂ ಅಂತರಜಾಲದಲ್ಲಿ ಸಿಗುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟು ಎಣಿಸಿದರೆ ಯಾರಿಗಾದರೂ ವ್ಯತ್ಯಾಸ ಕಾಣುತ್ತದೆ. ಆದರೆ ಎಣಿಸಿ ನೋಡಬೇಕು ಎಂದು ಹೇಳಿಕೊಡುವವರು ಬೇಕಷ್ಟೆ!

ನಮ್ಮ ಪರಂಪರೆಯಲ್ಲಿ

ನಮ್ಮಲ್ಲಿ ಸ್ವರಲಿಪಿ ಇರಲೇ ಇಲ್ಲ ಎನ್ನುವುದು ಸರಿಯಲ್ಲ. ತಮಿಳುನಾಡಿನ ಕುಡುಮಿಯಾಮಲೈಯಲ್ಲಿ ಬಂಡೆಯ ಮೇಲೆ ಕೊರೆದ ಸ್ವರಗಳ ಶಾಸನ 7ನೆಯ ಶತಮಾನದ್ದೆಂದು ಹೇಳಲಾಗಿದೆ. ಗ್ವೀಡೊಗಿಂತ ಮುನ್ನೂರು ವರ್ಷ ಹಿಂದಿನದು. 13ನೆಯ ಶತಮಾನದ ಶಾರ್ಙ್ಗದೇವನ ‘ಸಂಗೀತ ರತ್ನಾಕರ’ದಲ್ಲೂ ಸ್ವರಗಳಲ್ಲಿ ಬರೆದ ಉದಾಹರಣೆಗಳಿವೆ. ಆದರೆ ಇವು ನೆನಪಿಗೆ ಆಸರೆಗಳು. ಕಲಿಕೆ ನಡೆದದ್ದು ಬಾಯಿಂದ ಬಾಯಿಗೆ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪರಂಪರೆಯ ಕೊಂಡಿಗಳು ಕಳಚುತ್ತಿವೆ ಎಂಬ ಆತಂಕ ಹಲವರನ್ನು ಕಾಡಿತು. ಮದರಾಸಿನ ಎ.ಎಂ. ಚಿನ್ನಸ್ವಾಮಿ ಮುದಲಿಯಾರ್ 1893ರಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನು ಪಾಶ್ಚಾತ್ಯ ಗೆರೆಲಿಪಿಯಲ್ಲಿ ಪ್ರಕಟಿಸಲು ತೊಡಗಿದರು. ಮುತ್ತುಸ್ವಾಮಿ ದೀಕ್ಷಿತರ ವಂಶದ ಸುಬ್ಬರಾಮ ದೀಕ್ಷಿತರು ತಮ್ಮಲ್ಲಿದ್ದುದನ್ನು ಗ್ರಂಥರೂಪಕ್ಕೆ ತರಬೇಕೆಂದು ಒತ್ತಾಯಿಸಿದವರೂ ಅವರೇ. ಫಲವಾಗಿ 1904ರಲ್ಲಿ ಎಟ್ಟಯಪುರದಿಂದ ತೆಲುಗು ಲಿಪಿಯಲ್ಲಿ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ಹೊರಬಂತು. ದೀಕ್ಷಿತರ ಇನ್ನೂರಕ್ಕೂ ಹೆಚ್ಚು ಕೃತಿಗಳು ಅದರಲ್ಲಿವೆ. ಬರೀ ಸರಿಗಮ ಸಾಲದೆಂದು ಸುಬ್ಬರಾಮ ದೀಕ್ಷಿತರು ಕಂಪಿತಕ್ಕೆ ಅಲೆಯಂಥ ಗೆರೆ, ಹೀಗೆ ಬೇರೆ ಬೇರೆ ಗಮಕಗಳಿಗೆ ಬೇರೆ ಬೇರೆ ಚಿಹ್ನೆಗಳನ್ನು ಕೊಟ್ಟರು. ಈ ಬೃಹದ್ಗ್ರಂಥ ಈಗ ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ.

ಹಿಂದೂಸ್ತಾನಿ ಪದ್ಧತಿಯಲ್ಲಿ ಭಾತಖಂಡೆ (1860-1936) ಇಂಥದೇ ಕೆಲಸ ಮಾಡಿದರು. ಘರಾನೆಗಳ ಉಸ್ತಾದರು ತಮ್ಮ ಬಂದಿಶ್‌ಗಳನ್ನು ಹೊರಗಿನವರಿಗೆ ಸುಲಭವಾಗಿ ಹೇಳಿಕೊಡದಿದ್ದ ಕಾಲದಲ್ಲಿ, ಊರೂರು ತಿರುಗಿ ಸಂಗ್ರಹಿಸಿ ‘ಕ್ರಮಿಕ ಪುಸ್ತಕ ಮಾಲಿಕಾ’ದ ಆರು ಭಾಗಗಳಲ್ಲಿ ಪ್ರಕಟಿಸಿದರು. ಮನೆತನದ ಗುಟ್ಟು ತರಗತಿಯ ಪಠ್ಯವಾಯಿತು. ನಮ್ಮ ರಾಜ್ಯದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಿಗೆ ಕೂರುವ ಮಕ್ಕಳು ಸ್ವರಲಿಪಿಯ ಪುಸ್ತಕ ಹಿಡಿಯುವುದೂ ಈ ಬದಲಾವಣೆಯ ಮುಂದುವರಿಕೆಯೇ.

ಗಾಂಧಾರ ಎಲ್ಲಿದೆ?

ಇಲ್ಲಿ ಭೌತಶಾಸ್ತ್ರ ಒಂದು ಎಚ್ಚರಿಕೆ ಕೊಡುತ್ತದೆ. ಷಡ್ಜ 240 ಹರ್ಟ್ಸ್ ಎಂದಿಟ್ಟುಕೊಳ್ಳಿ. ತಂಬೂರಿಗೆ ಹೊಂದುವ ಅಂತರ ಗಾಂಧಾರದ ನಿಷ್ಪತ್ತಿ 5/4, ಅಂದರೆ 300 ಹರ್ಟ್ಸ್. ಸ್ಥಾಯಿಯನ್ನು 12 ಸಮಪಾಲು ಮಾಡುವ ಕೀಬೋರ್ಡಿನಲ್ಲಿ ಅದೇ ಸ್ವರ ಸುಮಾರು 302.4 ಹರ್ಟ್ಸ್. ಎರಡನ್ನೂ ಒಟ್ಟಿಗೆ ನುಡಿಸಿದರೆ ಸೆಕೆಂಡಿಗೆ ಎರಡಕ್ಕೂ ಹೆಚ್ಚು ವಿಸ್ಪಂದಗಳು ಕೇಳುತ್ತವೆ. ಪುಸ್ತಕದಲ್ಲಿ ಎರಡಕ್ಕೂ ‘ಗ’ ಒಂದೇ ಅಕ್ಷರ.

ತೋಡಿಯ ಗಾಂಧಾರದ ಮಾತಂತೂ ಇನ್ನೂ ಬೇರೆ. ಅದು ಒಂದು ಕಂಪನಾಂಕದಲ್ಲಿ ನಿಲ್ಲುವುದೇ ಇಲ್ಲ. ಋಷಭ ಮಧ್ಯಮಗಳ ಕಡೆಗೆ ತೂಗುತ್ತ ಇರುತ್ತದೆ. ಅದನ್ನು ಒಂದು ಬಿಂದುವಾಗಿ ಗುರುತಿಸಲಾಗದು, ವಕ್ರರೇಖೆಯಾಗಿಯೇ ಬರೆಯಬೇಕು. ‘ಗ’ ಎಂಬ ಅಕ್ಷರ ಆ ರೇಖೆಯ ಹೆಸರು ಮಾತ್ರ. ರೇಖೆಯ ಆಕಾರ ಗುರುವಿನ ಕಂಠದಲ್ಲಿದೆ. ಪಾಶ್ಚಾತ್ಯ ಕೀಬೋರ್ಡ್ ಸಂಗೀತದಲ್ಲಿ ಪುಟ ಬಹಳಷ್ಟನ್ನು ಹೇಳಿಬಿಡುತ್ತದೆ. ನಮ್ಮ ಸಂಗೀತದಲ್ಲಿ ಅದು ಹೇಳುವುದು ಕಡಿಮೆ, ಬಿಡುವುದು ಹೆಚ್ಚು. ಆದ್ದರಿಂದ ಮುಕ್ತ ಗ್ರಂಥಾಲಯ ಅವರಿಗೆ ಕೊಟ್ಟಷ್ಟನ್ನೇ ನಮಗೂ ಕೊಡುತ್ತದೆಂದು ನಿರೀಕ್ಷಿಸಬಾರದು. ನಮಗೆ ಪುಟದ ಜೊತೆಗೆ ಧ್ವನಿಯೂ ಬೇಕು, ಧ್ವನಿಯ ಜೊತೆಗೆ ತಿದ್ದುವ ಕಿವಿಯೂ ಬೇಕು.

ಶಾಲೆಯಲ್ಲಿ ಮಾಡಬಹುದಾದದ್ದು

ಪ್ರಾಟ್ ಎಂಬ ಉಚಿತ ತಂತ್ರಾಂಶ ಧ್ವನಿಯ ಕಂಪನಾಂಕವನ್ನು ಕಾಲದೊಂದಿಗೆ ನಕ್ಷೆಯಾಗಿ ಬಿಡಿಸುತ್ತದೆ. ಸಂಗೀತ ಕಲಿಯುತ್ತಿರುವ ವಿದ್ಯಾರ್ಥಿನಿಯೊಬ್ಬಳಿಂದ ಮಾಯಾಮಾಳವಗೌಳದ ಸರಳೆ ವರಸೆಯನ್ನೂ, ತೋಡಿಯ ನಾಲ್ಕು ಸ್ವರಗಳನ್ನೂ ತಂಬೂರಿ ಇಲ್ಲದೆ ಹಾಡಿಸಿ, ಮುದ್ರಿಸಿಕೊಂಡು, ನಕ್ಷೆಯನ್ನು ಪುಸ್ತಕದ ಸಾಲಿನ ಪಕ್ಕದಲ್ಲಿಡಿ. ಮೊದಲನೆಯದು ಹೆಚ್ಚುಕಡಿಮೆ ಮೆಟ್ಟಿಲುಗಳಂತೆ, ಎರಡನೆಯದು ಅಲೆಗಳಂತೆ ಕಾಣುತ್ತದೆ. ಸ್ವರಲಿಪಿಯ ಶಕ್ತಿ, ಮಿತಿ ಎರಡೂ ಆ ಒಂದು ಹಾಳೆಯಲ್ಲಿ ಸಿಗುತ್ತವೆ.

ಇನ್ನೊಂದು ಕೆಲಸ ತುರ್ತಿನದು. ನಮ್ಮ ಊರುಗಳ ಹಳೆಯ ಸಂಗೀತ ಉಪಾಧ್ಯಾಯರ ಮನೆಗಳಲ್ಲಿ ಕೈಬರಹದ ಸ್ವರಪುಸ್ತಕಗಳಿವೆ. ಕಾಗದ ಹಳದಿಯಾಗಿ, ಮಸಿ ಮಾಸಿ, ಗೆದ್ದಲು ಹಿಡಿಯುತ್ತಿದೆ. ಮನೆಯವರ ಒಪ್ಪಿಗೆ ಪಡೆದು ಅವನ್ನು ಸ್ಕ್ಯಾನ್ ಮಾಡಬಹುದು. ಕಾನೂನನ್ನೂ ನೋಡಿಕೊಳ್ಳಬೇಕು. ಚಾಮುಂಡೇಶ್ವರಿಯ ಮೇಲೆ ಕನ್ನಡದಲ್ಲಿ 108 ಕೃತಿಗಳನ್ನು ರಚಿಸಿದ ಮುತ್ತಯ್ಯ ಭಾಗವತರು ತೀರಿಕೊಂಡದ್ದು 1945ರಲ್ಲಿ; ಅವರ ರಚನೆಗಳು ಭಾರತದಲ್ಲಿ 2006ರಿಂದ ಮುಕ್ತ. ಮೈಸೂರು ವಾಸುದೇವಾಚಾರ್ಯರು ತೀರಿಕೊಂಡದ್ದು 1961ರಲ್ಲಿ; ಅವರವು 2022ರಿಂದ. ಜಯಚಾಮರಾಜೇಂದ್ರ ಒಡೆಯರು ತೀರಿಕೊಂಡದ್ದು 1974ರಲ್ಲಿ. ಅವರ ಕೃತಿಗಳಿಗೆ 2034ರ ಕೊನೆಯವರೆಗೆ ಕಾಯಬೇಕು.

ಸ್ಕ್ಯಾನ್ ಮಾಡುವಾಗ ಆ ಮನೆಯಲ್ಲಿ ಹಾಡು ಬಲ್ಲ ಹಿರಿಯರು ಇನ್ನೂ ಇದ್ದರೆ, ಅವರಿಂದ ಹಾಡಿಸಿ ಧ್ವನಿಯನ್ನೂ ಮುದ್ರಿಸಿಕೊಳ್ಳಿ. ದಾಸರ ಪದಗಳು ಉಳಿದು ಮಟ್ಟುಗಳು ಹೋದಂತೆ, ಸ್ವರಗಳು ಉಳಿದು ಗಮಕಗಳು ಹೋಗದಿರಲಿ.